ಎರಡೂ ಪಾದ ಒಂದೇ ಎತ್ತರಕ್ಕೆ ಸುಟ್ಟಿದೆ, ಅನುಭವ ಇರೋರು ಹೇಳಿ

ಅಂಗನವಾಡಿ ಟೀಚರ್: ಎರಡೂವರೆ ವರ್ಷದ ಹುಡುಗ. ನಾಲ್ಕು ದಿನ ಬರಲಿಲ್ಲ. ಇವತ್ತು ನೋಡಿದ್ರೆ ಎರಡೂ ಪಾದ ಸಾಕ್ಸ್ ಹಾಕಿದ ಹಾಗೆ ಸುಟ್ಟಿದೆ. ಬಿಸಿನೀರಿನ ಚೊಂಬು ಎಳ್ಕೊಂಡ ಅಂತಾರೆ ತಾಯಿ. ಆಸ್ಪತ್ರೆಗೆ ಹೋಗಿಲ್ಲ.

ನರ್ಸ್, ಬರ್ನ್ಸ್ ವಾರ್ಡ್: ಎಳ್ಕೊಂಡ ಮಗುಗೆ ಗದ್ದ, ಎದೆ, ತೋಳು ಸುಡುತ್ತೆ. ನೀರು ಇಳೀತಾ ಆರೋದ್ರಿಂದ ಗಾಯ ಕೆಳಗೆ ಕಿರಿದಾಗುತ್ತೆ, ಸುತ್ತ ಹನಿ ಸಿಡಿದ ಕಲೆ ಇರುತ್ತೆ. 2016ರಲ್ಲಿ ನನ್ನ ಕೈಗೆ ಬಂದ ಮಗುವಿನ ಕುಂಡಿ ಸುತ್ತ ಬೆಂದಿತ್ತು, ನಡುವೆ ಅಂಗೈಯಷ್ಟು ಚರ್ಮ ಹಾಗೇ ಇತ್ತು. ಟಬ್ಬಿನ ತಳಕ್ಕೆ ಒತ್ತಿ ಹಿಡಿದಿದ್ರು, ತಳ ನೀರಿನಷ್ಟು ಕಾದಿರಲ್ಲ. ಡ್ಯೂಟಿ ಡಾಕ್ಟರ್ ಹೇಳಿದ್ರು ಅಂತ ‘ಆಕಸ್ಮಿಕ’ ಅಂತ ಬರೆದೆ. ಮೂರು ತಿಂಗಳಿಗೆ ಅದೇ ಮಗು ಕೈ ಮುರಿದು ಬಂತು.

ಒಬ್ಬ ತಾಯಿ: ಹೀಗೇ ನೋಡಿದ ತಕ್ಷಣ ತೀರ್ಮಾನ ಮಾಡ್ತೀರಿ. ನನ್ನ ಮಗಳ ತೋಳಿನ ದುಂಡನೆ ಹುಣ್ಣು ನೋಡಿ ಸಿಗರೇಟಲ್ಲಿ ಸುಟ್ಟಿದ್ದು ಅಂತ ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಆಸ್ಪತ್ರೆ ದಾಖಲೆ) ಮಾಡಿದ್ರು. ಅದು ಇಂಪೆಟಿಗೊ ಅನ್ನೋ ಚರ್ಮದ ಸೋಂಕು, ಆಂಟಿಬಯಾಟಿಕ್‌ಗೆ ವಾಸಿಯಾಯ್ತು. ಸ್ಟೇಷನ್‌ಗೆ ಐದು ಸಲ, ಆಟೋಗೆ ಸಲಕ್ಕೆ 180, ಯಜಮಾನರ ಆರು ದಿನದ ಕೂಲಿ, ವಕೀಲರಿಗೆ 7,000. ಓರಗಿತ್ತಿ ಈಗಲೂ ತನ್ನ ಮಗುನ ನನ್ನ ಹತ್ರ ಬಿಡಲ್ಲ.

ನರ್ಸ್: ಸಿಗರೇಟಿನ ಗಾಯ 8–10 ಮಿ.ಮೀ., ಅಂಚು ಕೊರೆದ ಹಾಗಿರುತ್ತೆ, ಆಳ ಇರುತ್ತೆ. ನೋಡಿದ್ರೆ ಗೊತ್ತಾಗುತ್ತೆ.

ಒಬ್ಬ ತಾಯಿ: ನನ್ನ ಮಗಳದ್ದು ಯಾರಮ್ಮ ಅಳೆದ್ರು?

ಹಾವೇರಿ ಕಡೆಯವ: ನಮ್ಮ ಕೂಸಿಗೆ ಹದಿನಾರು ದಿನ ಇದ್ದಾಗ ಕಾಮಾಲಿ ಅಂತ ನಮ್ಮವ್ವ ಸೂಜಿ ಕಾಸಿ ಹೊಟ್ಟಿ ಮ್ಯಾಲ ಬರಿ ಹಾಕಿದ್ಲು. ಕೀವಾಗಿ ನಂಜೇರಿ 9 ದಿನ ಐಸಿಯುದಾಗ ಇಟ್ವಿ. 64,000 ರೂಪಾಯಿ, ಎರಡು ಎಮ್ಮಿ ಮಾರೀನಿ. ಡಾಕ್ಟ್ರು ಹಿಂಸಾ ಅಂತ ಬರದ್ರು. ಅವ್ವ ಜೀವ ಉಳೀಲಿ ಅಂತ ಮಾಡಿದ್ದು, ಅದು ಹ್ಯಾಂಗ ಹಿಂಸಾ ಆಕ್ಕೈತಿ?

ನರ್ಸ್: ಸರ್, ಯಾಕೆ ಹಾಕಿದ್ರೂ ಕೂಸಿಗೆ ಸೂಜಿ ಸುಡೋದು ಒಂದೇ ಥರ. ಕಾಮಾಲೆಗೆ ನೀಲಿ ಬೆಳಕಿನ ಕೆಳಗೆ ಮಲಗಿಸ್ತಾರೆ, ಬರೆ ಹಾಕಲ್ಲ.

ಹಾವೇರಿ ಕಡೆಯವ: ನಮ್ಮವ್ವನ ಬಗ್ಗೆ ಮಾತಾಡಬ್ಯಾಡ್ರಿ.

ಒಬ್ಬ ತಾಯಿ: ಅವರ ಎಮ್ಮೆ ಹೋಯ್ತು, ನನ್ನ ಮರ್ಯಾದೆ ಹೋಯ್ತು. ಬರೆದೋರಿಗೆ ಏನೂ ಆಗ್ಲಿಲ್ಲ.

ನರ್ಸ್: ಆಗಿದೆ ಅಮ್ಮ. ಆ ಕೈ ಮುರಿದ ಮಗು ಇನ್ನೂ ಕಣ್ಣಿಗೆ ಕಟ್ಟುತ್ತೆ. ಟೀಚರ್, ಮಗು ತಾನೇ ಬಿಸಿನೀರಿಗೆ ಕಾಲಿಟ್ರೆ ಒಂದು ಕಾಲಿಗೇ ಕಿರುಚಿ ಕಿತ್ಕೊಳ್ಳುತ್ತೆ. ಎರಡೂ ಕಾಲಿಗೆ ಗೆರೆ ಎಳೆದ ಹಾಗೆ ಇದೆಯಾ?

ಅಂಗನವಾಡಿ ಟೀಚರ್: ಇದೆ. ಹನಿ ಕಲೆ ಒಂದೂ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ, ಹೊರಟಿದ್ದಾರಂತೆ. ಚಾಪೆ ಮೇಲೆ ಕೂರಿಸಿದೀನಿ, ಉಪ್ಪಿಟ್ಟು ತಿಂತಿದಾನೆ, ಕಾಲು ನೆಲಕ್ಕೆ ತಾಗದ ಹಾಗೆ ಎತ್ಕೊಂಡೇ ಇದಾನೆ.