ಕೆಲಸ ಬಿಡಬೇಕು, ಇನ್ನೊಂದು ಸಿಗುವವರೆಗೆ ತಡೆದುಕೊಳ್ಳೋದು ಹೇಗೆ?

ಕೇಳಿದವರು: ದಾವಣಗೆರೆ, ಅಕೌಂಟ್ಸ್ ಕೆಲಸ

ಎಲ್ಲರಿಗೂ ನಮಸ್ಕಾರ. ಇಲ್ಲೇ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬಿ.ಕಾಂ ಮುಗಿಸಿ ಸೇರಿದ ಮೊದಲ ಕೆಲಸ ಇದು. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಬ್ಯಾಂಕ್ ಓಡಾಟ ಎಲ್ಲ ಬರುತ್ತೆ. ಕೆಲಸದ ಬಗ್ಗೆ ಬೇಜಾರಿಲ್ಲ, ಮ್ಯಾನೇಜರ್‌ದೇ ಕಾಟ. ಗ್ರಾಹಕರ ಎದುರಿಗೇ "ನಿನಗೆ ಯಾವನಪ್ಪಾ ಡಿಗ್ರಿ ಕೊಟ್ಟಿದ್ದು" ಅನ್ನುತ್ತಾರೆ. ರಾತ್ರಿ ಹತ್ತೂವರೆಗೆ ವಾಟ್ಸ್ಆ್ಯಪ್ ಬರುತ್ತೆ, ಉತ್ತರ ಕೊಡದಿದ್ದರೆ ಬೆಳಿಗ್ಗೆ ಎಲ್ಲರ ಮುಂದೆ ಮಂಗಳಾರತಿ. ಲೆಕ್ಕ ಅವರು ಹೇಳಿದಂತೆ ಬರೆಯಬೇಕು, ಸಹಿ ಮಾತ್ರ ನನ್ನದು. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸುತ್ತೆ. ಅಪ್ಪ "ಇದ್ದ ಕೆಲಸ ಬಿಡಬೇಡ" ಅಂತಾರೆ. ಬೈಕ್ ಲೋನ್ ಇದೆ. ಸೇರುವಾಗ ಡಿಗ್ರಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೆಗೆದಿಟ್ಟುಕೊಂಡಿದ್ದಾರೆ. ಬೇರೆ ಕಡೆ ಹುಡುಕುತ್ತಿದ್ದೇನೆ, ಆದರೆ ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ. ಸುದ್ದಿ ಹೊರಗೆ ಬಿದ್ದರೆ ಮುಗೀತು. ಈಗಲೇ ಬಿಡೋದಾ, ಕಾಯೋದಾ? ಕಾಯೋದಾದರೆ ಹೇಗೆ?

ಮಂಡಿಪೇಟೆಯಲ್ಲಿ ಲೆಕ್ಕ ಬರೆದವರು, ಈಗ ಆಡಿಟರ್ ಕಚೇರಿಯಲ್ಲಿ

ಮೊದಲು ಸಹಿಯ ವಿಷಯ ಮಾತಾಡೋಣ. ಬೈಗುಳಕ್ಕಿಂತ ಅದು ದೊಡ್ಡದು. ಬೈಗುಳ ನೀವು ಬಿಟ್ಟ ದಿನ ಮುಗಿಯುತ್ತೆ, ಸಹಿ ಕಡತದಲ್ಲಿ ಉಳಿಯುತ್ತೆ. ಬಾಯಲ್ಲಿ ಹೇಳಿ ಮಾಡಿಸುವ ಪ್ರತಿ ಕೆಲಸಕ್ಕೂ ಒಂದು ಸಾಲಿನ ಇಮೇಲ್ ಹಾಕಿ. "ಬೆಳಿಗ್ಗೆ ನೀವು ಹೇಳಿದ ಹಾಗೆ ಈ ಖರ್ಚನ್ನು ಈ ತಿಂಗಳಿಗೆ ತೆಗೆದುಕೊಂಡಿದ್ದೇನೆ." ಅಷ್ಟೇ ಸಾಕು, ಜಗಳದ ದನಿ ಬೇಡ. ನಾನು ಹೀಗೆ ಶುರು ಮಾಡಿದ ಮೇಲೆ ನಮ್ಮ ಮ್ಯಾನೇಜರ್ ಕೂಗಾಡೋದು ನಿಲ್ಲಿಸಲಿಲ್ಲ, ಆದರೆ ಅಡ್ಡಾದಿಡ್ಡಿ ಲೆಕ್ಕ ಬರೆಸೋದು ನಿಲ್ಲಿಸಿದರು. ಸರಕೇ ಬಾರದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯೋದು) ತಗೋ ಅಂದರೆ ಮಾತ್ರ ಇಮೇಲ್ ಸಾಲದು. ಅದನ್ನು ಮಾಡಲೇಬೇಡಿ. ಅವತ್ತೇ ಕೆಲಸ ಹೋದರೂ ಹೋಗಲಿ.

ಹಾಗಂತ ಕಂಪನಿಯ ಫೈಲುಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಬಿಡುವಾಗ ಮನಸ್ತಾಪ ಆದರೆ ಅದನ್ನೇ ಕಳ್ಳತನ ಅಂತ ಎತ್ತಾಡುತ್ತಾರೆ. ಆಫರ್ ಲೆಟರ್, ಸಂಬಳದ ಸ್ಲಿಪ್, ರಜೆ ಮಂಜೂರಾದ ಮೆಸೇಜ್ ಇವು ನಿಮ್ಮವು. ಇವತ್ತೇ ಮನೆಗೆ ಸೇರಿಸಿ.

ಇನ್ನು ಹುಡುಕೋದು. ದಾವಣಗೆರೆಯಲ್ಲಿ ಅಕೌಂಟೆಂಟ್ ಕೆಲಸ ವೆಬ್‌ಸೈಟಿನಲ್ಲಿ ಬರೋದು ಕಡಿಮೆ. ಅಂಗಡಿ, ಗೋಡೌನ್, ರೈಸ್ ಮಿಲ್, ಆಸ್ಪತ್ರೆ, ಯಾರಿಗೆ ಜನ ಬೇಕೋ ಅವರು ಮೊದಲು ಹೇಳೋದು ತಮ್ಮ ಆಡಿಟರ್‌ಗೆ. ಆದ್ದರಿಂದ ಒಬ್ಬ ಆಡಿಟರ್‌ಗೆ ಹೇಳಿ. ಒಬ್ಬರಿಗೇ. ಅವರು ನಿಮ್ಮ ಸಂಸ್ಥೆಯ ಆಡಿಟರ್ ಆಗಿರಬಾರದು, ನಿಮ್ಮ ಮಾಲೀಕರ ಬೀಗರೂ ಆಗಿರಬಾರದು (ನಗಬೇಡಿ, ಇದನ್ನು ವಿಚಾರಿಸಿಯೇ ಹೇಳಬೇಕು). ಸಹೋದ್ಯೋಗಿಗಳಿಗೆ ಹೇಳಬೇಡಿ, ಒಳ್ಳೆಯವರಿಗೂ ಹೇಳಬೇಡಿ. ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನುತ್ತಾ ಆಡಿದ ಮಾತು ಮಧ್ಯಾಹ್ನದೊಳಗೆ ಮಂಡಿಪೇಟೆ ಮುಟ್ಟುತ್ತೆ. ನೌಕ್ರಿ ವೆಬ್‌ಸೈಟಿನಲ್ಲಿ ಪ್ರೊಫೈಲ್ ಹಾಕುವುದಾದರೆ ಈಗಿನ ಕಂಪನಿಗೆ ಕಾಣದಂತೆ ಬ್ಲಾಕ್ ಮಾಡುವ ಸೌಲಭ್ಯ ಇದೆ, ಅದನ್ನು ಮೊದಲು ಒತ್ತಿ.

ಚನ್ನಗಿರಿ ಕಡೆಯವರು, ಹಿಂದೆ ಫೈನಾನ್ಸ್ ಕಂಪನಿಯಲ್ಲಿ ವಸೂಲಿ

ಎಲ್ಲರೂ ಕಾಯಿರಿ ಅಂತಲೇ ಹೇಳ್ತಾರೆ. ನಾನು ಕೈಯಲ್ಲಿ ಏನೂ ಇಲ್ಲದೆ ಬಿಟ್ಟವನು, ಈಗಲೂ ಅದೇ ಸರಿ ಅನಿಸುತ್ತೆ. ಸಂಜೆ ಮೇಲೆ ಹೆಂಗಸರ ಗುಂಪಿನ ಮನೆಗಳ ಮುಂದೆ ನಿಂತು ಕಂತು ಕೇಳಬೇಕಿತ್ತು. ಬರದಿದ್ದರೆ ನಮಗೆ ಫೋನಿನಲ್ಲಿ ಬೈಗುಳ, ನಾವು ಆ ಬೈಗುಳವನ್ನು ಅವರಿಗೆ ದಾಟಿಸಬೇಕು. ಒಂದು ದಿನ ನನ್ನ ಮಾತು ನನಗೇ ಹೇಸಿಗೆ ಅನಿಸಿತು, ಬಿಟ್ಟೆ.

ಆದರೆ ಪೂರ್ತಿ ಹೇಳಬೇಕಲ್ವಾ. ನಮಗೆ ಅಡಿಕೆ ತೋಟ ಇದೆ. ಊಟಕ್ಕೆ, ಬಾಡಿಗೆಗೆ ಯೋಚನೆ ಇರಲಿಲ್ಲ. ತೋಟ ಇರೋನು ಬೈಕ್ ಲೋನ್ ಇರೋನಿಗೆ "ಧೈರ್ಯ ಮಾಡಪ್ಪಾ" ಅನ್ನಬಾರದು. ಇನ್ನೊಂದು, ಖಾಲಿ ಕೂತಿದ್ದೀನಿ ಅಂತ ಗೊತ್ತಾದ ತಕ್ಷಣ ಹೊಸಬರು ಸಂಬಳ ಇಳಿಸಿ ಮಾತಾಡ್ತಾರೆ. ನನ್ನ ಹಳೇ ಸಂಬಳಕ್ಕಿಂತ ಕಡಿಮೆಗೇ ಸೇರಿದೆ. ನಿಮಗೆ ಐದಾರು ತಿಂಗಳ ಖರ್ಚು ಮತ್ತು ಕಂತು ಕೈಯಲ್ಲಿದ್ದರೆ ಬಿಡೋ ಮಾತಾಡಿ, ಇಲ್ಲದಿದ್ದರೆ ಮೊದಲು ಅದನ್ನು ಕೂಡಿಡಿ. ಕೂಡಿಡುವ ಕೆಲಸ ಶುರುವಾದರೆ ಆಫೀಸಿನ ಮೇಲಿನ ಹೆದರಿಕೆಯೂ ಸ್ವಲ್ಪ ಇಳಿಯುತ್ತೆ.

ಖಾಸಗಿ ಶಾಲೆಯಲ್ಲಿ ಪಾಠ ಮಾಡಿದವರು, ಚಿತ್ರದುರ್ಗ

ಮಾರ್ಕ್ಸ್ ಕಾರ್ಡ್ ಬಗ್ಗೆ ನನಗೆ ಗೊತ್ತು, ನನ್ನ ಬಿ.ಇಡಿ ಒರಿಜಿನಲ್ ಹೀಗೇ ಒಂದು ಬೀರುವಿನಲ್ಲಿತ್ತು. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಅದು ಒತ್ತೆಯಾಳು ಆಗಿಬಿಡುತ್ತೆ. ಬಿಡುವ ಸುಳಿವೇ ಇಲ್ಲದ ಹೊತ್ತಿನಲ್ಲಿ ಕೇಳಿ. ನಾನು ಒಂದು ಸರ್ಕಾರಿ ನೇಮಕಾತಿಗೆ ನಿಜವಾಗಿಯೇ ಅರ್ಜಿ ಹಾಕಿದ್ದೆ. ದಾಖಲೆ ಪರಿಶೀಲನೆಗೆ ಒರಿಜಿನಲ್ ಬೇಕು ಅಂತ ಪತ್ರ ಬರೆದು, ಅರ್ಜಿಯ ಪ್ರತಿ ಲಗತ್ತಿಸಿ ಕೇಳಿದೆ. ಗೊಣಗುತ್ತಾ ಕೊಟ್ಟರು. ಮತ್ತೆ ವಾಪಸ್ ಕೊಡಲಿಲ್ಲ, ಅವರೂ ಮರೆತರು.

ಕೊಡುವುದಿಲ್ಲ ಅಂದರೆ, "ನನ್ನ ಇಂಥ ಇಂಥ ಒರಿಜಿನಲ್ ನಿಮ್ಮಲ್ಲಿವೆ, ವಾಪಸ್ ಕೊಡಿ" ಅಂತ ಪಟ್ಟಿ ಮಾಡಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೂ ಕೊಡದಿದ್ದರೆ ವಕೀಲರ ನೋಟಿಸ್. ವಕೀಲರ ಫೀಸ್ ಭಾರ ಅನಿಸಿದರೆ ಕೋರ್ಟಿನಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಲೆಕ್ಕ ಇದೆ. "ಕಳೆದುಹೋಗಿದೆ ಅಂತ ಪೊಲೀಸರಿಗೆ ಬರೆದುಕೊಟ್ಟು ಡೂಪ್ಲಿಕೇಟ್ ತಗೋ" ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕಳೆದುಹೋಗದೇ ಇರೋದನ್ನು ಕಳೆದಿದೆ ಅಂತ ಬರೆದರೆ ಸಿಕ್ಕಿಬೀಳುವವರು ನೀವೇ.

ನೇಮಕಾತಿ ವಿಭಾಗದಲ್ಲಿರುವ ಹಿರಿಯೂರಿನವರು, ಬೆಂಗಳೂರು

ನಾನು ಮೇಜಿನ ಆಚೆ ಕೂರುವವನು, ಆ ಕಡೆಯಿಂದ ಹೇಳ್ತೀನಿ. ಈ ಕೆಲಸವನ್ನು ರೆಸ್ಯೂಮೆಯಲ್ಲಿ ಮುಚ್ಚಿಡಬೇಡಿ. ಪಿಎಫ್ ಕಟ್ಟುತ್ತಿದ್ದರೆ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಎಲ್ಲಿ, ಯಾವಾಗಿನಿಂದ ಕೆಲಸ ಮಾಡಿದ್ದೀರಿ ಅಂತ ಕಾಣುತ್ತೆ. ದಿನಾಂಕ ತಾಳೆಯಾಗದಿದ್ದರೆ ಒಳ್ಳೆಯ ಅಭ್ಯರ್ಥಿಯನ್ನೂ ಕೈಬಿಡುತ್ತಾರೆ. ಇವತ್ತೇ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಸಂಬಳದಿಂದ ಹಿಡಿದ ಹಣ ತಿಂಗಳು ತಿಂಗಳು ಜಮಾ ಆಗಿದೆಯಾ, ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತಾ ನೋಡಿ. ಒಳಗಿರುವಾಗ ಸರಿಪಡಿಸಿಕೊಳ್ಳುವುದು ಸುಲಭ, ಜಗಳವಾಡಿ ಹೊರಬಂದ ಮೇಲೆ ಅವರ ಸಹಿಗೆ ಅಲೆಯಬೇಕು. ಬಿಟ್ಟ ಮೇಲೆ ಅವರು ಎಕ್ಸಿಟ್ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಹಣ ತೆಗೆಯಬೇಡಿ, ಹೊಸ ಖಾತೆಗೆ ವರ್ಗಾಯಿಸಿ.

ನೋಟಿಸ್ ಅವಧಿ ಎಷ್ಟು ಅಂತ ಆಫರ್ ಲೆಟರ್‌ನಲ್ಲಿ ಓದಿ. ಎಷ್ಟೋ ಜನ ಬಾಯಿಮಾತು ನಂಬಿ ಮೂರು ತಿಂಗಳು ಅಂದುಕೊಂಡಿರ್ತಾರೆ, ಕಾಗದದಲ್ಲಿ ಒಂದು ತಿಂಗಳು ಇರುತ್ತೆ. ರಾಜೀನಾಮೆ ಇಮೇಲ್‌ನಲ್ಲೇ ಕೊಡಿ. ಎರಡು ಸಾಲು, ಕೊನೆಯ ದಿನಾಂಕ, ಮುಗೀತು. ಬಾಕಿ ಸಂಬಳಕ್ಕೆ ಮೊದಲು ತಿಂಗಳುಗಟ್ಟಲೆ ಕಾಯಿಸೋದು ರೂಢಿಯಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಮಾಡಬೇಕು ಅಂತಿದೆ. ಎಲ್ಲರೂ ಹಾಗೆ ಕೊಡ್ತಾರೆ ಅಂತ ನಾನು ಹೇಳಲ್ಲ. ಆದರೆ ಕಾರ್ಮಿಕ ಇಲಾಖೆಗೆ ಬರೆಯುವಾಗ ಹಿಡಿದುಕೊಳ್ಳಲು ಒಂದು ಸಾಲು ಇದೆ.

ಬಾಂಡ್ ಏನಾದರೂ ಬರೆದುಕೊಟ್ಟಿದ್ದರೆ "ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ" ಅಂತ ಹೇಳುವವರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ನಿಮ್ಮದು ಬೇರೆ ಇರಬಹುದು. ಕಾಗದ ತೋರಿಸಿ ವಕೀಲರನ್ನು ಕೇಳಿ.

ಮಿಲ್ ಕಾರ್ಮಿಕರ ಮಗಳು, ದಾವಣಗೆರೆ

ಯಾರೂ ನಿಮ್ಮ ಅಪ್ಪನ ಬಗ್ಗೆ ಹೇಳಲಿಲ್ಲ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಗಿರಣಿಗೆ ಹೋಗುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜೊತೆಯವರು ಕೆಲವರು ಆಟೋ ಹಿಡಿದರು, ಕೆಲವರು ಮಂಡಕ್ಕಿ ಭಟ್ಟಿ ಸೇರಿದರು. ಆ ತಲೆಮಾರಿಗೆ ಕೆಲಸ ಅನ್ನೋದು ತಾನಾಗಿ ಹೋಗುವ ವಸ್ತು, ನಾವಾಗಿ ಬಿಡೋದು ಅಂದರೆ ಹುಚ್ಚುತನ. ನಾನು ಬಿಡ್ತೀನಿ ಅಂದಾಗ ಮೂರು ದಿನ ಮಾತಾಡಲಿಲ್ಲ. "ಅಲ್ಲಿ ನನಗೆ ಅವಮಾನ ಆಗ್ತಿದೆ" ಅಂದಾಗ "ನಮಗೇನು ಹೂವಿನ ಹಾರ ಹಾಕ್ತಿದ್ರಾ" ಅಂದರು. ಆಮೇಲೆ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಬ್ಯಾಂಕಲ್ಲಿ ಇಷ್ಟಿದೆ, ಇಷ್ಟು ತಿಂಗಳು ನಡೆಯುತ್ತೆ, ಈ ಎರಡು ಕಡೆ ಮಾತುಕತೆ ನಡೀತಿದೆ, ಆಫರ್ ಕೈಗೆ ಬರುವವರೆಗೆ ಬಿಡಲ್ಲ. ಅವಮಾನದ ಮಾತಿಗೆ ಕರಗದವರು ಲೆಕ್ಕಕ್ಕೆ ಒಪ್ಪಿದರು. ನೀವು ಅಕೌಂಟೆಂಟ್, ನಿಮಗೆ ಇದು ನನಗಿಂತ ಚೆನ್ನಾಗಿ ಬರುತ್ತೆ.

ಹೆಸರು ಬೇಡ, ಹರಿಹರ

ಈ ಪ್ರಶ್ನೆಯಲ್ಲಿ ಇಲ್ಲ, ಆದರೆ ಓದುವ ಹೆಣ್ಣುಮಕ್ಕಳಿಗೆ. ಕಾಟ ಬೈಗುಳ ದಾಟಿ ಮೈಮೇಲೆ, ಮಾತಿನಲ್ಲಿ, ಮೆಸೇಜಿನಲ್ಲಿ ಲೈಂಗಿಕವಾಗಿ ತಿರುಗಿದರೆ ಸುಮ್ಮನೆ ಬೇರೆ ಕೆಲಸ ಹುಡುಕುತ್ತಾ ಕೂರಬೇಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಿ.

ವಿದ್ಯಾನಗರದವರು, ಮೊದಲು ಸೇಲ್ಸ್‌ನಲ್ಲಿದ್ದರು

ಭಾನುವಾರದ ಹೊಟ್ಟೆ ತೊಳೆಸೋದನ್ನು ಗ್ಯಾಸ್ಟ್ರಿಕ್ ಅಂತ ನಾನೂ ಮಾತ್ರೆ ನುಂಗಿದ್ದೇನೆ. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ. ಕನ್ನಡದಲ್ಲಿ ಮಾತಾಡ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ಈ ಊರಲ್ಲಿ ಮನೋವೈದ್ಯರ ಕ್ಲಿನಿಕ್ ಮೆಟ್ಟಿಲಲ್ಲಿ ಯಾರಾದರೂ ನೋಡಿಯಾರು ಅಂತ ಹೆದರುವವರಿಗೆ ಅದು ಒಳ್ಳೆಯ ಮೊದಲ ಹೆಜ್ಜೆ. ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಇದ್ದರೆ ಅದರಲ್ಲೂ ತೋರಿಸಿ, ಸಂಬಳದಿಂದ ದುಡ್ಡು ಹಿಡೀತಾನೇ ಇದ್ದಾರಲ್ಲ.

ರಾತ್ರಿ ಮೆಸೇಜಿಗೆ ನಾನು ಮಾಡಿದ್ದು ಇಷ್ಟು. ಒಂದೇ ಸಲ ಉತ್ತರ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಯುದ್ಧ ಆಗ್ತಿತ್ತು. ಮೊದಲು ಹತ್ತು ನಿಮಿಷ ತಡ, ಆಮೇಲೆ ಒಂದು ಗಂಟೆ, ಆಮೇಲೆ "ಬೆಳಿಗ್ಗೆ ಬಂದ ತಕ್ಷಣ ನೋಡ್ತೀನಿ ಸರ್". ಸ್ವಲ್ಪ ಕಾಲಕ್ಕೆ ಅವರು ಬೇರೆ ಯಾರನ್ನೋ ಹಿಡಿದುಕೊಂಡರು. ಆ ಬೇರೆಯವರಿಗೆ ಪಾಪ ಅನಿಸಿತು, ಆದರೆ ನಿದ್ದೆ ಬಂತು. ಬಯ್ಯುವಾಗ ವಾದ ಮಾಡಬೇಡಿ, ಅಳಲೂಬೇಡಿ. "ಯಾವ ಎಂಟ್ರಿ ಸರ್?" ಅಂತ ಕೇಳಿ. ಎಂಟ್ರಿ ತೋರಿಸಬೇಕಾದರೆ ಕೂಗು ತಾನಾಗಿ ಇಳಿಯುತ್ತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇಮೇಲ್ ಹಾಕೋದು ನಾಳೆಯಿಂದಲೇ. ಪಾಸ್‌ಬುಕ್ ನೋಡಿದೆ, ಎರಡು ತಿಂಗಳ ಕಂತು ಕಾಣ್ತಿಲ್ಲ! ಎರಡು ಪ್ರಶ್ನೆ ಉಳಿದಿವೆ. ಇಂಟರ್‌ವ್ಯೂನಲ್ಲಿ ಯಾಕೆ ಬಿಡ್ತೀರಿ ಅಂದರೆ ಏನು ಹೇಳಲಿ? ಬೆಂಗಳೂರಿಗೆ ಕರೆದರೆ ರಜೆ ಹೇಗೆ?

ಹಿರಿಯೂರಿನವರು

ಮ್ಯಾನೇಜರ್ ಸುದ್ದಿ ಎತ್ತಲೇಬೇಡಿ, ನಿಜವಾದರೂ. ಕೇಳುವವರಿಗೆ ನಿಮ್ಮ ಮ್ಯಾನೇಜರ್ ಗೊತ್ತಿಲ್ಲ, ನೀವು ದೂರುವುದು ಮಾತ್ರ ಕಾಣುತ್ತೆ. "ರಿಟರ್ನ್ಸ್ ವರೆಗೆ ಎಲ್ಲ ಮಾಡ್ತಿದ್ದೀನಿ, ಮುಂದೆ ಫೈನಲೈಸೇಶನ್, ಆಡಿಟ್ ಕಡೆ ಕಲಿಯಬೇಕು, ಅಲ್ಲಿ ಆ ಅವಕಾಶ ಇಲ್ಲ" ಅನ್ನಿ. ಇದೂ ನಿಜವೇ ಅಲ್ವಾ? ಮೊದಲ ಸುತ್ತು ವಿಡಿಯೋದಲ್ಲಿ ಮಾಡಿ ಅಂತ ಕೇಳಿ, ಈಗ ಹೆಚ್ಚಿನವರು ಒಪ್ಪುತ್ತಾರೆ. ಎರಡನೇ ಸುತ್ತಿಗೆ ಮಾತ್ರ ರಾತ್ರಿ ಬಸ್ ಹತ್ತಿ. 260 ಕಿಲೋಮೀಟರ್ ಚಿಲ್ಲರೆ, ಬೇಗ ಹೊರಟರೆ ನಸುಕಿಗೂ ಮುಂಚೆ ಮೆಜೆಸ್ಟಿಕ್‌ನಲ್ಲಿ ಇಳಿಸಿಬಿಡುತ್ತೆ. ತಡವಾಗಿ ಹೊರಡುವ ಬಸ್ ನೋಡಿ. ನೌಕರಿ ಕೊಡಿಸಲು ಮುಂಗಡ ದುಡ್ಡು ಕೇಳಿದವರ ನಂಬರ್ ಬ್ಲಾಕ್ ಮಾಡಿ. ಕಾಣದ ಪಿಎಫ್ ಕಂತಿಗೆ ಮೊದಲು ಮೇಲ್ ಹಾಕಿ ಕೇಳಿ. ಜಮಾ ತಡವಾಗಿರಬಹುದು. ಉತ್ತರ ಬಾರದಿದ್ದರೆ ಪಿಎಫ್‌ನ ದೂರು ಪೋರ್ಟಲ್ ಇದೆ, ಅದನ್ನು ಹೊಸ ಆಫರ್ ಕೈಗೆ ಬಂದ ಮೇಲೆ ಬಳಸಿ.

ಆಡಿಟರ್ ಕಚೇರಿಯವರು

ಬಿಡುವ ಮುಂಚೆ ಇನ್ನೊಂದು. ಕಂಪನಿಯ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿದ್ದೀರಾ? ಓಟಿಪಿ ಸುಲಭವಾಗಲಿ ಅಂತ ನಮ್ಮ ಕಡೆ ಅಕೌಂಟೆಂಟ್ ನಂಬರೇ ಹಾಕಿರ್ತಾರೆ. ಹಾಗೇ ಬಿಟ್ಟು ಬಂದರೆ ವರ್ಷದ ಮೇಲೂ ನಿಮಗೆ ಓಟಿಪಿ ಬರುತ್ತೆ, ಅದರ ಹಿಂದೆಯೇ ಫೋನೂ ಬರುತ್ತೆ. ಪೋರ್ಟಲ್‌ನಲ್ಲಿ ನಾನ್-ಕೋರ್ (ಸಣ್ಣಪುಟ್ಟ ವಿವರಗಳ) ತಿದ್ದುಪಡಿಯಲ್ಲಿ ಬದಲಾಯಿಸಬಹುದು, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಬ್ಯಾಂಕಿನ ಲಾಗಿನ್, ಡಿಜಿಟಲ್ ಸಹಿಯ ಟೋಕನ್ ಎಲ್ಲ ಪಟ್ಟಿ ಮಾಡಿ, ಒಪ್ಪಿಸಿದ್ದಕ್ಕೆ ಮೇಲ್‌ನಲ್ಲಿ ಸ್ವೀಕೃತಿ ಪಡೆಯಿರಿ. ನೀವು ತಿಂಗಳು ತಿಂಗಳು ರಿಟರ್ನ್ ಹಾಕುವವರಾದರೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನ. ರಾಜೀನಾಮೆ ಮೇಲ್ 21ಕ್ಕೆ ಕಳಿಸಿ. "ರಿಟರ್ನ್ ಹೊತ್ತಲ್ಲಿ ಕೈಕೊಟ್ಟ" ಅಂತ ಹೇಳಿಕೊಂಡು ತಿರುಗಲು ಅವರಿಗೆ ಅವಕಾಶ ಇರಲ್ಲ.