3 ದಿನದೊಳಗೆ ಸುತ್ತುವ ನೆಪ್ಚೂನ್‌ಗಳು ಎಲ್ಲಿ ಹೋದವು?

ಪ್ರಶ್ನೆ:
ಬೇರೆ ನಕ್ಷತ್ರಗಳ ಸುತ್ತ ಸುತ್ತುವ ಗ್ರಹಗಳ ನಾಸಾ ದಾಖಲೆ, ಎಕ್ಸೊಪ್ಲಾನೆಟ್ ಆರ್ಕೈವ್‌ನ ಸಂಯುಕ್ತ ಪಟ್ಟಿ ಇಳಿಸಿಕೊಂಡು ಗ್ರಾಫ್ ಹಾಕಿದೆ: ಅಡ್ಡಕ್ಕೆ ಪರಿಭ್ರಮಣ ಅವಧಿ, ಉದ್ದಕ್ಕೆ ದ್ರವ್ಯರಾಶಿ, ಎರಡೂ ಲಾಗ್ ಅಳತೆ. 3 ದಿನದ ಒಳಗಡೆ ಮೇಲೆ ಗುರುವಿನಂಥವು, ಕೆಳಗೆ ಭೂಮಿಯ ಕೆಲವು ಪಟ್ಟು ತೂಗುವವು. ನಡುವೆ, ನೆಪ್ಚೂನ್‌ನಂಥವು ಇರಬೇಕಾದ, ಸುಮಾರು 10ರಿಂದ 100 ಭೂಮಿಗಳಷ್ಟು ತೂಕದ ಜಾಗ, ಹೆಚ್ಚುಕಡಿಮೆ ಖಾಲಿ ತ್ರಿಕೋನ. ಇದು ನಿಜವೋ, ನಮ್ಮ ಉಪಕರಣಗಳಿಗೆ ಕಾಣಿಸದೆ ಹೋದದ್ದೋ? ಇನ್ನೊಂದು: ತ್ರಿಜ್ಯದ ಎದುರು ದ್ರವ್ಯರಾಶಿ ಹಾಕಿದರೆ ರಾಶಿ ಚುಕ್ಕೆಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ, ಏಕೆ?

ಉತ್ತರ 1:
ಮೊದಲು ಆ ಗೆರೆಯ ವಿಷಯ. ಅವು ಯಾರೂ ಅಳೆದ ದ್ರವ್ಯರಾಶಿಗಳಲ್ಲ; ತ್ರಿಜ್ಯದಿಂದ ಸೂತ್ರ ಹಾಕಿ ತುಂಬಿದವು. ದ್ರವ್ಯರಾಶಿ ಹೇಗೆ ಸಿಕ್ಕಿತೆಂದು ಹೇಳುವ ‘ಪಿಎಲ್_ಬಿಮಾಸ್‌ಪ್ರೊವ್’ ಕಾಲಂ ನೋಡಿ, ಅಲ್ಲಿ ‘ಎಂ-ಆರ್ ರಿಲೇಶನ್‌ಶಿಪ್’ (ದ್ರವ್ಯರಾಶಿ-ತ್ರಿಜ್ಯ ಸಂಬಂಧ) ಎಂದಿರುವ ಸಾಲುಗಳನ್ನೆಲ್ಲ ತೆಗೆಯಿರಿ. ‘ಎಂಸೈನಿ’ ಎಂದಿರುವವು, ಕಕ್ಷೆ ಎಷ್ಟು ವಾಲಿದೆ ಎಂದು ಗೊತ್ತಿಲ್ಲದ್ದರಿಂದ, ಕನಿಷ್ಠ ದ್ರವ್ಯರಾಶಿಗಳು, ಬೇರೆ ಬಣ್ಣ ಕೊಡಿ. ಭಾರತ 2019ರಲ್ಲಿ ‘ಸಂತಮಸ’ ಎಂದು ಹೆಸರಿಟ್ಟ ಗ್ರಹ (ಅವಧಿ 2.14 ದಿನ, ಕನಿಷ್ಠ 1.5 ಗುರು) ಈ ಬಣ್ಣದ್ದೇ. ಲಾಗ್ ಗ್ರಾಫ್‌ನಲ್ಲಿ ಇದರಿಂದ ದೊಡ್ಡ ಎಡವಟ್ಟಾಗದು: ಕಕ್ಷೆಗಳು ಎತ್ತೆತ್ತಲೋ ವಾಲಿದ್ದರೂ ನಿಜ ತೂಕ ಕನಿಷ್ಠದ ಎರಡು ಪಟ್ಟು ಮೀರುವ ಸಾಧ್ಯತೆ 13% ಅಷ್ಟೇ.

ಉತ್ತರ 2:
ಖಾಲಿ ಜಾಗ ನಿಜ. ಲೆಕ್ಕ ಹಾಕಿ ನೋಡಿ: ಸೂರ್ಯನಂಥ ನಕ್ಷತ್ರವನ್ನು 2 ದಿನಕ್ಕೊಮ್ಮೆ ಸುತ್ತುವ, 20 ಭೂಮಿ ತೂಗುವ ಗ್ರಹ ತನ್ನ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 10 ಮೀಟರ್ ಅಲುಗಾಡಿಸುತ್ತದೆ. ಇಂಥ ಅಲುಗಾಟ ಅಳೆಯುವ ಹಾರ್ಪ್ಸ್ ಉಪಕರಣ ಸೆಕೆಂಡಿಗೆ 1 ಮೀಟರ್ ಆಸುಪಾಸಿನದನ್ನೇ ಹಿಡಿಯುತ್ತದೆ. ಭೂಮಿಯ 4 ಪಟ್ಟು ತ್ರಿಜ್ಯವಿದ್ದರೆ ನಕ್ಷತ್ರದ ಮುಂದೆ ಅಡ್ಡ ಹಾಯುವಾಗ ಅದರ ಬೆಳಕು 0.13% ಕುಗ್ಗುತ್ತದೆ, ಕೆಪ್ಲರ್ ಬಾಹ್ಯಾಕಾಶ ದೂರದರ್ಶಕಕ್ಕೆ ಅದು ಕಷ್ಟವೇ ಆಗಿರಲಿಲ್ಲ. ಇದ್ದಿದ್ದರೆ ಸಿಕ್ಕಿರುತ್ತಿದ್ದವು. ಇದಕ್ಕೆ ‘ನೆಪ್ಚೂನ್ ಮರುಭೂಮಿ’ ಎನ್ನುತ್ತಾರೆ.

ತ್ರಿಕೋನದ ಎರಡು ಅಂಚಿಗೆ ಒಂದೇ ಕಾರಣ ಹುಡುಕುವುದು ಸಾಮಾನ್ಯ ತಪ್ಪು. ಕೆಳ ಅಂಚು ಅನಿಲ ಆವಿಯಾಗಿ ಹೋದದ್ದರ ಗುರುತು: ಎಳೆಯ ನಕ್ಷತ್ರದ ಎಕ್ಸ್-ಕಿರಣ, ಅತಿನೇರಳೆ ಕಿರಣ ಹೈಡ್ರೋಜನ್ ಹೊದಿಕೆಯನ್ನು ಕಿತ್ತೊಗೆದು ತಿರುಳು ಮಾತ್ರ ಉಳಿಸುತ್ತವೆ. ಗುರುವಿನಂಥದ್ದರ ಗುರುತ್ವ ಜೋರು, ಅದಕ್ಕೆ ಈ ಪೆಟ್ಟು ತಾಗುವುದು ಅಲ್ಪ. ಆದ್ದರಿಂದ ಮೇಲಂಚಿಗೆ ಉಬ್ಬರವಿಳಿತದ ಬಲದ ವಿವರಣೆಯೇ ಹೆಚ್ಚು ಹೊಂದುತ್ತದೆ: ಉದ್ದಾನುದ್ದ ಕಕ್ಷೆಯಲ್ಲಿ ಒಳಬಂದ ಗ್ರಹ ಹಗುರವಾಗಿದ್ದಷ್ಟೂ ನಕ್ಷತ್ರದಿಂದ ದೂರದಲ್ಲೇ ನಿಲ್ಲಬೇಕು, ಇಲ್ಲವಾದರೆ ಚೂರಾಗುತ್ತದೆ.

ಪ್ರಶ್ನಿಸಿದವರು:
ಸಾಲು ತೆಗೆದ ಮೇಲೆ ಗೆರೆ ಹೋಯಿತು. ಆದರೆ ಮರುಭೂಮಿಯ ನಟ್ಟನಡುವೆ ಎರಡು ಚುಕ್ಕೆ ಉಳಿದಿವೆ.

ಉತ್ತರ 2:
ಅವನ್ನು ಅಳಿಸಬೇಡಿ! ಟಿಒಐ-849 ಬಿ ಮತ್ತು ಎಲ್‌ಟಿಟಿ 9779 ಬಿ ಎಂಬ ಗ್ರಹಗಳಿರಬೇಕು. ಮೊದಲನೆಯದು 39 ಭೂಮಿ ತೂಗಿಯೂ ತ್ರಿಜ್ಯ 3.4 ಪಟ್ಟು ಮಾತ್ರ. ಸಾಂದ್ರತೆ ಭೂಮಿಯಷ್ಟೇ, ಅಂದರೆ ಹೆಚ್ಚುಕಡಿಮೆ ಬರೀ ತಿರುಳು. ಎರಡನೆಯದು 19 ಗಂಟೆಗೊಮ್ಮೆ ಸುತ್ತಿಯೂ ವಾತಾವರಣ ಉಳಿಸಿಕೊಂಡಿದೆ, ಬಿದ್ದ ಬೆಳಕಿನ ಸುಮಾರು 80% ವಾಪಸ್ ಎಸೆಯುತ್ತದೆ. ಆವಿಯಾಗುವ ಕಥೆಗೆ ಇದೇ ನಿಜವಾದ ತಲೆನೋವು.