ಕಿವಿಯಲ್ಲಿ ಗುಂಡಿಯಿರುವ ಹಳೆಯ ಕರಡಿ ಗೊಂಬೆ: ಅಸಲಿಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ:
ನನ್ನ ಬಳಿಯಿರುವ ಮೊಹೇರ್ (ಅಂಗೋರಾ ಮೇಕೆಯ ರೋಮದ ಬಟ್ಟೆ) ಕರಡಿ ಗೊಂಬೆಯ ಎಡಗಿವಿಯಲ್ಲಿ ಲೋಹದ ಗುಂಡಿಯೊಂದಿದ್ದು, ಮೈ ಒತ್ತಿದರೆ ಒಳಗೆ ಚರಚರ ಸದ್ದಾಗುತ್ತದೆ. ಇದು ಜರ್ಮನಿಯ ಸ್ಟೈಫ್ ಕಂಪನಿಯ ಹಳೆಯ ಗೊಂಬೆಯೇ ಎಂದು ನಿರ್ಧರಿಸಲು ಏನನ್ನು ಪರಿಶೀಲಿಸಬೇಕು?

ಉತ್ತರ 1:
ಗುಂಡಿಯೊಂದನ್ನೇ ನಂಬಬೇಡಿ. ಸ್ಟೈಫ್ 1904ರಲ್ಲಿ ಗುಂಡಿ ಹಾಕಲು ಆರಂಭಿಸಿದಾಗ ಅದರ ಮೇಲೆ ಆನೆಯ ಚಿತ್ರವಿತ್ತು. ಕಂಪನಿಯ ಹೆಸರು ಬಂದದ್ದು ಆಮೇಲೆ. ಆದರೆ ಬೇರೊಂದು ಗೊಂಬೆಯಿಂದ ಕಿತ್ತ ಗುಂಡಿಯನ್ನೂ ಕೂರಿಸಬಹುದಾದ್ದರಿಂದ, ಅದರ ಸುತ್ತಲಿನ ಬಟ್ಟೆಯಲ್ಲಿ ಹೊಸ ತೂತು ಅಥವಾ ಸೀಳು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಆ ಸದ್ದು ಬಹುಶಃ ಒಳಗೆ ತುಂಬಿದ ಮರದ ತೆಳು ಎಳೆಗಳದ್ದು. ಹಳೆಯ ಗೊಂಬೆಗಳಲ್ಲಿ ಅದನ್ನೇ ತುಂಬುತ್ತಿದ್ದುದರಿಂದ ಅದು ಒಳ್ಳೆಯ ಸೂಚನೆಯೇ.

ಉತ್ತರ 2:
ಸವೆತವನ್ನೂ ಗಮನಿಸಿ. ಮಕ್ಕಳು ಆಡಿದ ಗೊಂಬೆಯಲ್ಲಿ ಮೂಗು, ಹೊಟ್ಟೆ, ಅಂಗೈಗಳು ಹೆಚ್ಚು ಸವೆದು, ಕೀಲುಗಳ ಮರೆಯಲ್ಲಿ ರೋಮ ದಟ್ಟವಾಗಿಯೇ ಉಳಿದಿರುತ್ತದೆ. ಎಲ್ಲೆಡೆ ಒಂದೇ ಸಮನಾಗಿ ಸವೆದಿದ್ದರೆ ನನಗಂತೂ ಅನುಮಾನ ಬರುತ್ತದೆ. ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದಾಗ ಹೊಲಿಗೆಯ ದಾರ ನೀಲಿಯಾಗಿ ಹೊಳೆದರೆ ಅದು ಈಚಿನ ದಾರವಿರಬಹುದು. ಆದರೆ ಡಿಟರ್ಜೆಂಟ್‌ನಲ್ಲಿ ತೊಳೆದ ಹಳೆಯ ಬಟ್ಟೆಯೂ ಹಾಗೆ ಹೊಳೆಯುವುದುಂಟು.

ಉತ್ತರ 3:
ತಜ್ಞರು ನೋಡುವವರೆಗೆ ದಯವಿಟ್ಟು ಅದನ್ನು ತೊಳೆಯಬೇಡಿ. ಮರದ ಎಳೆಗಳು ನೀರು ಹೀರಿದರೆ ಒಳಗಿನಿಂದಲೇ ಕೊಳೆಯುತ್ತವೆ.